ಮಿದುಳಿನೊಳಗೊಂದು ಹದ್ದುಬಸ್ತು: ಎಂಆರ್‌ಐ ಚಿತ್ರದಲ್ಲಿ ಹಿಪೊಕ್ಯಾಂಪಸ್‌ಗೆ ಗಡಿ ಹಾಕುವ ಡೀಪ್ ಲರ್ನಿಂಗ್

ಕಿವಿಗಳ ನೇರಕ್ಕೆ ತಲೆಯೊಳಗೆ, ಟೆಂಪೊರಲ್ ಲೋಬ್ ಎನ್ನುವ ಭಾಗದ ಒಳಮಗ್ಗುಲಲ್ಲಿ, ಎಡಕ್ಕೊಂದು ಬಲಕ್ಕೊಂದು ಹಿಪೊಕ್ಯಾಂಪಸ್ ಇದೆ. ಉದ್ದ ಸುಮಾರು 4 ಸೆಂ.ಮೀ., ದಪ್ಪ ಹೆಚ್ಚುಕಡಿಮೆ ಕಿರುಬೆರಳಿನಷ್ಟು, ಗಾತ್ರ 3ರಿಂದ 4 ಮಿ.ಲೀ. ಒಂದು ಟೀ ಚಮಚವೂ ತುಂಬುವುದಿಲ್ಲ. ಹೊಸ ನೆನಪು ನೆಲೆಯೂರಬೇಕಾದರೆ ಇದು ಬೇಕೇ ಬೇಕು. ಆಲ್‌ಝೈಮರ್ ಕಾಯಿಲೆಯಲ್ಲಿ ಬೇಗ ಸೊರಗುವ ಭಾಗಗಳಲ್ಲಿ ಇದೂ ಒಂದು. ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ಆರೋಗ್ಯವಾಗಿರುವ ವೃದ್ಧರಲ್ಲಿ ಇದು ವರ್ಷಕ್ಕೆ ಸುಮಾರು 1.4% ಕುಗ್ಗುತ್ತದೆ, ಆಲ್‌ಝೈಮರ್ ಇರುವವರಲ್ಲಿ ಸುಮಾರು 4.7%.

ಇದನ್ನು ಅಳೆಯುವ ಮೊದಲು ಹಿಪೊಕ್ಯಾಂಪಸ್ ಎಲ್ಲಿಂದ ಎಲ್ಲಿಯವರೆಗೆ ಎಂದು ಗೊತ್ತುಮಾಡಬೇಕು. ಜಮೀನಿಗೆ ಹದ್ದುಬಸ್ತು ಮಾಡಿಸಿದಂತೆಯೇ ಕೆಲಸ: ಸ್ಕ್ಯಾನಿನ ಪ್ರತಿಯೊಂದು ವಾಕ್ಸೆಲ್‌ಗೂ, ಅಂದರೆ ಚಿತ್ರವನ್ನು ಕಟ್ಟಿರುವ ಪ್ರತಿಯೊಂದು ಪುಟ್ಟ ಘನಕ್ಕೂ, ಅದು ಯಾರ ಪಾಲಿನದು ಎಂದು ಬರೆಯುವುದು. ಇದಕ್ಕೇ ಸೆಗ್ಮೆಂಟೇಶನ್ ಎನ್ನುತ್ತಾರೆ. ಉದಾಹರಣೆಗಳನ್ನು ನೋಡಿ ಕಂಪ್ಯೂಟರ್ ತಾನೇ ಕಲಿಯುವ ಡೀಪ್ ಲರ್ನಿಂಗ್ ವಿಧಾನ ಈಗ ಈ ಕೆಲಸಕ್ಕೆ ಬಂದಿದೆ.

ಅರ್ಧ ಮಿಲಿಮೀಟರಿನ ಬೆಲೆ

ಒಂದು ಸಣ್ಣ ಲೆಕ್ಕ ಹಾಕಿದರೆ ಈ ಕೆಲಸದ ಕಷ್ಟವೆಲ್ಲ ಕಣ್ಣೆದುರು ಬರುತ್ತದೆ. ಹಿಪೊಕ್ಯಾಂಪಸ್ಸನ್ನು 40 ಮಿ.ಮೀ. ಉದ್ದದ, 5.3 ಮಿ.ಮೀ. ತ್ರಿಜ್ಯದ ಸಿಲಿಂಡರ್ ಎಂದುಕೊಳ್ಳೋಣ. ಗಾತ್ರ ಸುಮಾರು 3,530 ಘನ ಮಿ.ಮೀ., ಮೇಲ್ಮೈ ಸುಮಾರು 1,510 ಚದರ ಮಿ.ಮೀ. ಈಗ ಗಡಿಯನ್ನು ಸುತ್ತಲೂ ಬರೀ ಅರ್ಧ ಮಿ.ಮೀ. ಒಳಕ್ಕೆ ಎಳೆದರೆ ಗಾತ್ರ 2,823ಕ್ಕೆ ಇಳಿಯುತ್ತದೆ. ಅಂದರೆ ಐದರಲ್ಲಿ ಒಂದು ಪಾಲು ಹೋಯಿತು. ಒಂದು ಮಿ.ಮೀ. ಎಳೆದರೆ 37% ಹೋಗುತ್ತದೆ. ಸಾಮಾನ್ಯ ಸಂಶೋಧನಾ ಸ್ಕ್ಯಾನಿನಲ್ಲಿ ಒಂದು ವಾಕ್ಸೆಲ್‌ನ ಅಗಲವೇ 1 ಮಿ.ಮೀ. ಎಂಬುದನ್ನು ನೆನಪಿಡಿ.

ಇದೇ ಲೆಕ್ಕವನ್ನು ತಿರುಗಿಸಿ ಮಾಡಿದರೆ, ಆಲ್‌ಝೈಮರ್‌ನಲ್ಲಿ ವರ್ಷಕ್ಕೆ ಆಗುವ 4.7% ನಷ್ಟ ಎಂದರೆ ಗಡಿ ಸರಾಸರಿ 0.11 ಮಿ.ಮೀ. ಸರಿದಂತೆ. ವಯಸ್ಸಿನಿಂದಷ್ಟೇ ಆಗುವ 1.4% ಎಂದರೆ 0.03 ಮಿ.ಮೀ. ಒಂದು ಮಿ.ಮೀ. ಘನಗಳಿಂದ ಕಟ್ಟಿದ ಚಿತ್ರದಲ್ಲಿ ಇಷ್ಟು ಸೂಕ್ಷ್ಮ ಬದಲಾವಣೆ ಸಿಗುವುದಾದರೂ ಹೇಗೆ? ಗಡಿಯಲ್ಲಿ ಸಾವಿರಕ್ಕೂ ಹೆಚ್ಚು ವಾಕ್ಸೆಲ್‌ಗಳಿವೆ. ಒಂದು ಕಡೆ ಗೆರೆ ತುಸು ಹೊರಗೆ, ಇನ್ನೊಂದು ಕಡೆ ತುಸು ಒಳಗೆ ಬಿದ್ದರೆ ಆ ತಪ್ಪುಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಹೊಡೆದುಹೋಗದೆ ಉಳಿಯುವುದು ಸುತ್ತಲೂ ಒಂದೇ ದಿಕ್ಕಿಗೆ ಆಗುವ ತಪ್ಪು. ಹಾಗಾಗಿ ಡೀಪ್ ಲರ್ನಿಂಗ್ ವಿಧಾನ ಯಾವುದೇ ಇರಲಿ, ಅದು ಎಷ್ಟು ತಪ್ಪುತ್ತದೆ ಎನ್ನುವುದಕ್ಕಿಂತ ಯಾವ ಕಡೆಗೆ ತಪ್ಪುತ್ತದೆ ಎನ್ನುವುದನ್ನು ಮೊದಲು ಕೇಳಬೇಕು.

ಗಡಿ ಚಿತ್ರದಲ್ಲಿ ಇರುವುದೇ ಇಲ್ಲ

ಹಿಪೊಕ್ಯಾಂಪಸ್‌ನ ಕೆಲವು ಮಗ್ಗುಲುಗಳು ಸುಲಭ. ಒಂದು ಕಡೆ ದ್ರವ ತುಂಬಿದ ವೆಂಟ್ರಿಕಲ್ ಎಂಬ ಟೊಳ್ಳು, ಟಿ1 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಕಪ್ಪು. ಇನ್ನೊಂದು ಕಡೆ ನರತಂತುಗಳ ಬಿಳಿ ಭಾಗ. ಆದರೆ ಮುಂಭಾಗದಲ್ಲಿ ಅದಕ್ಕೆ ಅಂಟಿಕೊಂಡಿರುವ ಅಮಿಗ್ಡಲಾ ಎಂಬ ಭಾಗ ಕೂಡ ಅದೇ ಬೂದು ಬಣ್ಣದ್ದು. ಇವೆರಡರ ನಡುವೆ ಎಷ್ಟೋ ಸ್ಲೈಸ್‌ಗಳಲ್ಲಿ, ಅಂದರೆ ಮಿದುಳನ್ನು ಹೋಳು ಮಾಡಿದಂತೆ ತೋರಿಸುವ ಚಿತ್ರಗಳಲ್ಲಿ, ಗೆರೆ ಎಂಬುದೇ ಕಾಣುವುದಿಲ್ಲ. ಹಿಂಭಾಗದ ಬಾಲ ಎಲ್ಲಿ ಮುಗಿಯಿತು ಎನ್ನುವುದು ನೋಡಿ ತಿಳಿಯುವ ವಿಷಯವಲ್ಲ, ಕೂತು ಒಪ್ಪಿಕೊಳ್ಳಬೇಕಾದ ವಿಷಯ. ಒಂದೊಂದು ಪ್ರಯೋಗಾಲಯ ಒಂದೊಂದು ರೀತಿ ಗೆರೆ ಎಳೆಯುತ್ತಿದ್ದುದರಿಂದ ಒಬ್ಬರ ಅಳತೆ ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. ಬಳಕೆಯಲ್ಲಿದ್ದ 12 ಪದ್ಧತಿಗಳನ್ನು ಹೋಲಿಸಿ, ತಜ್ಞರು ಸೇರಿ ಹಾರ್ಪ್ ಎಂಬ ಒಂದೇ ನಿಯಮಾವಳಿ ರೂಪಿಸಿದ್ದು ಇದೇ ಕಾರಣಕ್ಕೆ. ನರತಂತುಗಳ ತೆಳು ಹೊದಿಕೆ ಒಳಗೆ ಸೇರಬೇಕೋ ಬೇಡವೋ, ಬಾಲ ಎಲ್ಲಿಯವರೆಗೆ ಎಂಬಂಥ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿದೆ.

ಇದರ ಮೇಲೆ ಇನ್ನೊಂದು ತೊಡಕು. ಅಂಚಿನ ವಾಕ್ಸೆಲ್ ಒಳಗೆ ಅರ್ಧ ಹಿಪೊಕ್ಯಾಂಪಸ್, ಅರ್ಧ ದ್ರವ ಇದ್ದರೆ ಅದರ ಬಣ್ಣ ಎರಡರ ಮಿಶ್ರಣ. ಅದನ್ನು ಯಾರ ಖಾತೆಗೆ ಹಾಕಿದರೂ ಅರ್ಧ ತಪ್ಪೇ.

ಡೀಪ್ ಲರ್ನಿಂಗ್‌ನ ನೆಟ್‌ವರ್ಕ್, ಅಂದರೆ ಹಲವು ಪದರಗಳ ಲೆಕ್ಕದ ಜಾಲ, ಈ ಗಡಿಯನ್ನು ತಾನಾಗಿ ಕಂಡುಹಿಡಿಯುವುದಿಲ್ಲ. ಮನುಷ್ಯರು ಎಳೆದುಕೊಟ್ಟ ಗೆರೆಗಳನ್ನು ನೋಡಿ ಕಲಿಯುತ್ತದೆ. ಕಲಿಸಿದವರ ಪದ್ಧತಿಯೇ ಅದರ ಪದ್ಧತಿ.

ಹಳೆಯ ದಾರಿ, ಹೊಸ ದಾರಿ

ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಮಾರ್ಟಿನೋಸ್ ಕೇಂದ್ರದಲ್ಲಿ ಬೆಳೆದ ಫ್ರೀಸರ್ಫರ್ ಎಂಬ ತಂತ್ರಾಂಶ ಎರಡು ದಶಕಗಳಿಂದ ಈ ಕ್ಷೇತ್ರದ ಬೆನ್ನೆಲುಬು. ಕೈಯಿಂದ ಗುರುತು ಹಾಕಿದ ಮಿದುಳುಗಳಿಂದ ಒಂದು ಸಂಭವನೀಯತೆಯ ನಕ್ಷೆ ಮಾಡಿ, ಹೊಸ ಮಿದುಳನ್ನು ಎಳೆದು ಬಗ್ಗಿಸಿ ಆ ನಕ್ಷೆಗೆ ಹೊಂದಿಸುವುದು ಅದರ ದಾರಿ. ಮೇಲ್ಪದರದ ಮಡಿಕೆಗಳನ್ನೂ ಸೇರಿಸಿ ಒಬ್ಬರ ಸ್ಕ್ಯಾನ್ ಮುಗಿಯಲು ಸಾಧಾರಣ ಕಂಪ್ಯೂಟರಿನಲ್ಲಿ ಹಲವು ಗಂಟೆ ಬೇಕು. ಸಾವಿರ ಜನರ ಅಧ್ಯಯನಕ್ಕೆ ಅದು ದೊಡ್ಡ ಹೊರೆ.

2015ರಲ್ಲಿ ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದ ರೊನೆಬರ್ಗರ್, ಫಿಶರ್, ಬ್ರಾಕ್ಸ್ ಅವರು ಸೂಕ್ಷ್ಮದರ್ಶಕದ ಜೀವಕೋಶ ಚಿತ್ರಗಳಿಗಾಗಿ ಯು-ನೆಟ್ ಎಂಬ ವಿನ್ಯಾಸ ಪ್ರಕಟಿಸಿದರು. ಮಿದುಳಿನ ಸೆಗ್ಮೆಂಟೇಶನ್ನಿನ ಬಹುಪಾಲು ಇಂದಿಗೂ ಅದರ ಮೇಲೇ ನಿಂತಿದೆ. ಯು ಅಕ್ಷರದ ಎಡಗಾಲಿನಲ್ಲಿ ಚಿತ್ರ ಕೆಳಗಿಳಿಯುತ್ತಾ ಪ್ರತಿ ಹಂತಕ್ಕೂ ಅರ್ಧಕ್ಕರ್ಧ ಚಿಕ್ಕದಾಗುತ್ತದೆ, ಆದರೆ ಪ್ರತಿ ಬಿಂದುವೂ ಹೆಚ್ಚು ಹೆಚ್ಚು ವಿಶಾಲ ಪ್ರದೇಶದ ಸಾರವನ್ನು ಹೊತ್ತಿರುತ್ತದೆ. ತಳ ಮುಟ್ಟುವ ಹೊತ್ತಿಗೆ ‘ಇದು ಟೆಂಪೊರಲ್ ಲೋಬ್‌ನ ಒಳಮಗ್ಗುಲು’ ಎಂಬ ಮಟ್ಟದ ಅರಿವು ಬಂದಿರುತ್ತದೆ, ಅಂಚು ಮಾತ್ರ ಮಸುಕಾಗಿರುತ್ತದೆ. ಬಲಗಾಲಿನಲ್ಲಿ ಮೇಲೇರುವಾಗ ಚಿತ್ರ ಮತ್ತೆ ದೊಡ್ಡದಾಗುತ್ತದೆ. ಪ್ರತಿ ಹಂತದಲ್ಲೂ ಎಡಗಾಲಿನಿಂದ ಅಡ್ಡ ಸೇತುವೆಯ ಮೂಲಕ ಮೂಲ ವಿವರ ಬಂದು ಸೇರುತ್ತದೆ. ಆ ಸೇತುವೆಗಳನ್ನು ತೆಗೆದುಬಿಟ್ಟರೆ ಜಾಗ ಸರಿಯಾಗಿ ಸಿಗುತ್ತದೆ, ಗಡಿ ಕರಗಿಹೋಗುತ್ತದೆ. ಕೊನೆಯಲ್ಲಿ ಪ್ರತಿ ವಾಕ್ಸೆಲ್‌ಗೂ ಅದು ಯಾವ ಭಾಗಕ್ಕೆ ಸೇರಿದ್ದು ಎಂಬುದರ ಸಂಭವನೀಯತೆಗಳ ಪಟ್ಟಿ ಸಿಗುತ್ತದೆ. ಅದರಲ್ಲಿ ಹೆಚ್ಚಿನದೇ ಲೇಬಲ್.

ಮೆಮೊರಿಯ ಇಕ್ಕಟ್ಟು ಇಲ್ಲಿ ಶುರುವಾಗುತ್ತದೆ. 256×256×256 ಅಳತೆಯ ಒಂದು ಮಿದುಳಿನಲ್ಲಿ 1.68 ಕೋಟಿ ವಾಕ್ಸೆಲ್‌ಗಳಿವೆ. 95 ಭಾಗಗಳಿಗೆ ಒಂದೊಂದು ಸಂಭವನೀಯತೆ, ಒಂದೊಂದಕ್ಕೆ 4 ಬೈಟ್ ಎಂದರೆ ಕೊನೆಯ ಪದರದ ಫಲಿತಾಂಶ ಹಿಡಿಯಲಿಕ್ಕೇ 6.4 ಜಿಬಿ ಬೇಕು. ತರಬೇತಿಯ ವೇಳೆ ಒಳಗಿನ ಪದರಗಳನ್ನೆಲ್ಲ ಹಿಡಿದಿಡಬೇಕಾದಾಗ ಇದು ಹಲವು ಪಟ್ಟಾಗುತ್ತದೆ. ಇದರಿಂದ ಪಾರಾಗಲು ಎರಡು ದಾರಿಗಳಿವೆ. ಒಂದು, ಮಿದುಳನ್ನು 128×128×128ರಂಥ ತುಂಡುಗಳಾಗಿ ಕತ್ತರಿಸಿ ನೋಡಿ, ತುಂಡುಗಳು ಒಂದರ ಮೇಲೊಂದು ಹಾಯುವಂತೆ ಜೋಡಿಸುವುದು. ತುಂಡನ್ನು ತೀರಾ ಚಿಕ್ಕದು ಮಾಡಿದರೆ ನೆಟ್‌ವರ್ಕ್‌ಗೆ ತಾನು ತಲೆಯ ಯಾವ ಮೂಲೆಯಲ್ಲಿದ್ದೇನೆ ಎಂದೇ ತಿಳಿಯದೆ, ಕುತ್ತಿಗೆಯ ಸ್ನಾಯುವಿನಲ್ಲೂ ಹಿಪೊಕ್ಯಾಂಪಸ್ ಕಾಣತೊಡಗುತ್ತದೆ. ಇನ್ನೊಂದು, 2020ರಲ್ಲಿ ಜರ್ಮನಿಯ ಬಾನ್‌ನಿಂದ ಬಂದ ಫಾಸ್ಟ್‌ಸರ್ಫರ್ ಎಂಬ ತಂತ್ರಾಂಶದ ದಾರಿ: ಮೂರು ಬೇರೆ ಬೇರೆ ನೆಟ್‌ವರ್ಕ್‌ಗಳು ಮಿದುಳನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಸ್ಲೈಸ್ ಸ್ಲೈಸಾಗಿ ನೋಡುತ್ತವೆ. ಪ್ರತಿ ಸ್ಲೈಸಿನ ಜತೆ ಹಿಂದಿನ ಮೂರು, ಮುಂದಿನ ಮೂರು ಸೇರಿಸಿ ಒಟ್ಟು 7 ಕೊಡುತ್ತಾರೆ. ಕೊನೆಯಲ್ಲಿ ಮೂವರ ಮಾತನ್ನೂ ಕೂಡಿಸಿ ತೀರ್ಮಾನ. ಪಕ್ಕದಿಂದ ನೋಡುವ ನೆಟ್‌ವರ್ಕ್‌ನ ಮಾತಿಗೆ ಉಳಿದೆರಡರ ಅರ್ಧದಷ್ಟೇ ತೂಕ, ಏಕೆಂದರೆ ಪಕ್ಕದ ನೋಟದಲ್ಲಿ ಎಡ ಯಾವುದು ಬಲ ಯಾವುದು ತಿಳಿಯುವುದಿಲ್ಲ. ಒಟ್ಟೊಟ್ಟಿಗೆ ಸಾವಿರಾರು ಲೆಕ್ಕ ಮಾಡುವ ಜಿಪಿಯು ಚಿಪ್ ಇದ್ದರೆ 95 ಭಾಗಗಳ ಗುರುತು ಒಂದು ನಿಮಿಷದೊಳಗೆ ಮುಗಿಯುತ್ತದೆ.

ಹೊಸದಾಗಿ ತರಬೇತಿ ಕೊಡುವವರು ಸಾಮಾನ್ಯವಾಗಿ ಹಿಡಿಯುವುದು ಜರ್ಮನಿಯ ಹೈಡೆಲ್‌ಬರ್ಗ್‌ನ ಎನ್‌ಎನ್‌ಯು-ನೆಟ್ ಎಂಬ ತಂತ್ರಾಂಶ. ತುಂಡಿನ ಅಳತೆ, ಪದರಗಳ ಸಂಖ್ಯೆಯನ್ನೆಲ್ಲ ದತ್ತಾಂಶ ನೋಡಿ ಅದೇ ಗೊತ್ತುಮಾಡಿಕೊಳ್ಳುತ್ತದೆ. ಪೂರ್ವನಿಯೋಜಿತವಾಗಿ 1,000 ಸುತ್ತು, ಸುತ್ತಿಗೆ 250 ಹೆಜ್ಜೆ ತರಬೇತಿ ನಡೆಸುತ್ತದೆ. ಹೊಸ ವಿನ್ಯಾಸ ಹುಡುಕುವ ಬದಲು ಇದನ್ನೇ ಹಿಡಿದು, ಉಳಿದ ಸಮಯವನ್ನು ದತ್ತಾಂಶ ಶುದ್ಧ ಮಾಡಲು ಬಳಸುವುದು ಜಾಣತನ.

ಸ್ಕ್ಯಾನ್ ಕೈಗೆ ಬಂದ ಮೇಲೆ

ಬೇಕಾದದ್ದು ಮೂರು ಕಡೆಯೂ 1 ಮಿ.ಮೀ. ಇರುವ ಟಿ1 ಚಿತ್ರ. ಯಂತ್ರದಿಂದ ಅದು ನೂರೆಪ್ಪತ್ತು ನೂರೆಂಬತ್ತು ಡೈಕಾಮ್ ಕಡತಗಳಾಗಿ (ಆಸ್ಪತ್ರೆಯ ಯಂತ್ರಗಳು ಚಿತ್ರ ಉಳಿಸುವ ಮಾದರಿ) ಬರುತ್ತದೆ. ಅವನ್ನು ಸಂಶೋಧಕರು ಬಳಸುವ ನಿಫ್ಟಿ ಎಂಬ ಮಾದರಿಯ ಒಂದೇ ಕಡತವಾಗಿ ಮಾಡಿಕೊಳ್ಳಬೇಕು. ಸಿಗ್ನಲ್ ಹಿಡಿಯುವ ಕಾಯಿಲ್‌ಗೆ ಹತ್ತಿರವಿರುವ ಭಾಗ ಬೆಳ್ಳಗೂ ದೂರವಿರುವುದು ಮಂಕಾಗಿಯೂ ಬರುವುದರಿಂದ, ಅದೇ ಬೂದು ಭಾಗ ಎರಡು ಜಾಗದಲ್ಲಿ ಎರಡು ಬಣ್ಣ ತೋರುತ್ತದೆ. 2010ರಲ್ಲಿ ಬಂದ ಎನ್4 ಎಂಬ ವಿಧಾನ ಇದನ್ನು ಸರಿದೂಗಿಸುತ್ತದೆ. ಎಂಆರ್‌ಐನ ಅಂಕಿಗಳಿಗೆ ಸಿಟಿ ಸ್ಕ್ಯಾನಿನಂತೆ ನಿಶ್ಚಿತ ಅಳತೆಗೋಲಿಲ್ಲ. ಹಾಗಾಗಿ ಪ್ರತಿ ಚಿತ್ರದಿಂದಲೂ ಅದರ ಸರಾಸರಿ ಕಳೆದು, ಪ್ರಮಾಣ ವಿಚಲನೆಯಿಂದ (ಅಂಕಿಗಳು ಎಷ್ಟು ಚದುರಿವೆ ಎಂಬ ಅಳತೆಯಿಂದ) ಭಾಗಿಸುತ್ತಾರೆ. ತಲೆಬುರುಡೆ ತೆಗೆದ ಚಿತ್ರಗಳ ಮೇಲೆ ಕಲಿತ ನೆಟ್‌ವರ್ಕ್‌ಗೆ ಬುರುಡೆ ಸಮೇತದ ಚಿತ್ರ ಕೊಟ್ಟರೆ ಈ ಸರಾಸರಿಯೇ ಬದಲಾಗಿ ಗಡಿ ಸರಿಯುತ್ತದೆ. ಫಲಿತಾಂಶ ಕೆಟ್ಟಂತೆ ಕಾಣದಿರುವುದರಿಂದ ಈ ತಪ್ಪು ಬಹುಕಾಲ ಅಡಗಿರಬಲ್ಲದು.

ಚಿತ್ರದ ಅಳತೆ ಬದಲಿಸುವಾಗ ಇನ್ನೊಂದು ಬಲೆಯಿದೆ. ಫ್ರೀಸರ್ಫರ್‌ನ ಪಟ್ಟಿಯಲ್ಲಿ ಎಡ ಹಿಪೊಕ್ಯಾಂಪಸ್‌ಗೆ 17, ಅದರ ಪಕ್ಕದ ವೆಂಟ್ರಿಕಲ್ ಭಾಗಕ್ಕೆ 5 ಎಂಬ ಸಂಖ್ಯೆಗಳು. ಲೇಬಲ್ ಚಿತ್ರವನ್ನು ಸಾಮಾನ್ಯ ಚಿತ್ರದಂತೆ ನಯವಾಗಿ ಹಿಗ್ಗಿಸಿದರೆ ಗಡಿಯಲ್ಲಿ ಎರಡರ ಸರಾಸರಿ 11 ಬರುತ್ತದೆ. 11 ಎಂದರೆ ಆ ಪಟ್ಟಿಯಲ್ಲಿ ಎಡ ಕಾಡೇಟ್, ಮಿದುಳಿನ ಬೇರೆಯದೇ ಭಾಗ. ಹಿಪೊಕ್ಯಾಂಪಸ್‌ಗೆ ಕಾಡೇಟ್‌ನ ಸಿಪ್ಪೆ ಸುತ್ತಿಕೊಂಡಂತಾಗುತ್ತದೆ. ಲೇಬಲ್‌ಗಳು ಅಳತೆಯ ಅಂಕಿಗಳಲ್ಲ, ಹೆಸರುಗಳು. ಆದ್ದರಿಂದ ಅವನ್ನು ಹಿಗ್ಗಿಸುವಾಗ ಹತ್ತಿರದ ವಾಕ್ಸೆಲ್‌ನ ಸಂಖ್ಯೆಯನ್ನೇ ಎತ್ತಿಡುವ ವಿಧಾನ ಬಳಸಬೇಕು.

ಎಡವೋ ಬಲವೋ

ಈ ಕೆಲಸದ ಅತಿ ಅಪಾಯಕಾರಿ ತಪ್ಪು ಇದು. ಮಿದುಳು ಹೆಚ್ಚುಕಡಿಮೆ ಕನ್ನಡಿ ಬಿಂಬದಂತಿರುವುದರಿಂದ ಎಡಬಲ ಅದಲುಬದಲಾದ ಚಿತ್ರ ನೋಡಲು ಸರಿಯಾಗಿಯೇ ಕಾಣುತ್ತದೆ. ಆದರೆ ಮೂರ್ಛೆರೋಗದಲ್ಲಿ ಒಂದು ಬದಿಯ ಹಿಪೊಕ್ಯಾಂಪಸ್ ಮಾತ್ರ ಗಡುಸಾಗಿ ಕುಗ್ಗಿರಬಹುದು, ಶಸ್ತ್ರಚಿಕಿತ್ಸೆ ಯಾವ ಬದಿಗೆ ಎಂಬ ಪ್ರಶ್ನೆಗೂ ಇದೇ ಅಳತೆ ಹೋಗಬಹುದು.

ನಿಫ್ಟಿ ಕಡತದ ತಲೆಬರಹದಲ್ಲಿ ಯಾವ ಅಕ್ಷ ಯಾವ ದಿಕ್ಕಿಗೆ ಎಂಬ ವಿವರ ಇರುತ್ತದೆ. ಅದನ್ನು ಓದದೆ ಬರೀ ಅಂಕಿಗಳ ರಾಶಿಯನ್ನು ನೆಟ್‌ವರ್ಕ್‌ಗೆ ಸುರಿದರೆ, ಒಂದು ಯಂತ್ರದ ಚಿತ್ರ ಎಡದಿಂದ ಬಲಕ್ಕೂ ಇನ್ನೊಂದರದು ಬಲದಿಂದ ಎಡಕ್ಕೂ ಹರಿಯುತ್ತದೆ. ಎಲ್ಲವನ್ನೂ ಮೊದಲೇ ಒಂದೇ ದಿಕ್ಕಿಗೆ ತಿರುಗಿಸಿಡಬೇಕು. ಹಳೆಯ ಅನಲೈಸ್ ಮಾದರಿಯ ಕಡತಗಳಲ್ಲಿ ಈ ವಿವರವನ್ನು ನಂಬುವಂತಿಲ್ಲ.

ಈ ತಪ್ಪು ನುಸುಳುವ ಎರಡನೆಯ ಬಾಗಿಲು ತರಬೇತಿಯಲ್ಲೇ ಇದೆ. ದತ್ತಾಂಶ ಹೆಚ್ಚಿಸಲು ಚಿತ್ರಗಳನ್ನು ಕನ್ನಡಿಯಂತೆ ತಿರುಗಿಸಿ ತೋರಿಸುವುದು ಎನ್‌ಎನ್‌ಯು-ನೆಟ್‌ನ ರೂಢಿ. ಎಡ ಹಿಪೊಕ್ಯಾಂಪಸ್, ಬಲ ಹಿಪೊಕ್ಯಾಂಪಸ್ ಎಂದು ಬೇರೆ ಬೇರೆ ಲೇಬಲ್ ಇರುವಾಗ ಚಿತ್ರ ತಿರುಗಿಸಿ ಲೇಬಲ್ ಅದಲುಬದಲು ಮಾಡದಿದ್ದರೆ, ಒಂದೇ ಜಾಗವನ್ನು ಒಮ್ಮೆ ಎಡ ಎಂದು, ಇನ್ನೊಮ್ಮೆ ಬಲ ಎಂದು ಕಲಿಸಿದಂತೆ. ನೆಟ್‌ವರ್ಕ್ ಗಲಿಬಿಲಿಗೊಂಡು ಒಂದೇ ಹಿಪೊಕ್ಯಾಂಪಸ್‌ನಲ್ಲಿ ಎರಡೂ ಬಣ್ಣದ ತೇಪೆ ಹಾಕುತ್ತದೆ. ಕನ್ನಡಿ ತಿರುವನ್ನು ನಿಲ್ಲಿಸಿದ ತರಬೇತಿ ಆಯ್ಕೆ ಅದರಲ್ಲೇ ಇದೆ. ಮಿದುಳಿಗೆ ಅದನ್ನೇ ಬಳಸಬೇಕು.

ಸ್ಕ್ಯಾನ್ ಮಾಡುವಾಗಲೇ ಬಲ ಕಪಾಲಕ್ಕೆ ವಿಟಮಿನ್ ಇ ಮಾತ್ರೆಯೊಂದನ್ನು ಟೇಪಿನಲ್ಲಿ ಅಂಟಿಸುವ ಪರಿಪಾಠ ಹಲವು ಸಂಶೋಧನಾ ಕೇಂದ್ರಗಳಲ್ಲಿದೆ. ಅದರೊಳಗಿನ ಎಣ್ಣೆ ಟಿ1 ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಕಡತ ಎಷ್ಟು ಕೈ ದಾಟಿದರೂ ಆ ಚುಕ್ಕಿ ಇರುವ ಕಡೆ ಬಲ.

99.96% ಸರಿ ಇದ್ದೂ ಪೂರ್ತಿ ತಪ್ಪು

1.68 ಕೋಟಿ ವಾಕ್ಸೆಲ್‌ಗಳಲ್ಲಿ ಎರಡೂ ಹಿಪೊಕ್ಯಾಂಪಸ್ ಸೇರಿ ಸುಮಾರು 7,000. ‘ಎಲ್ಲೂ ಹಿಪೊಕ್ಯಾಂಪಸ್ ಇಲ್ಲ’ ಎಂದು ಹೇಳಿ ಸುಮ್ಮನಾಗುವ ನೆಟ್‌ವರ್ಕ್ ಕೂಡ 99.96% ವಾಕ್ಸೆಲ್‌ಗಳಲ್ಲಿ ಸರಿ! ಅದಕ್ಕೇ ತರಬೇತಿಯಲ್ಲಿ ಡೈಸ್ ಎಂಬ ಅಳತೆ ತಂದರು: ಎರಡು ಆಕಾರಗಳ ಸಮಾನ ಭಾಗದ ಎರಡರಷ್ಟನ್ನು ಅವುಗಳ ಒಟ್ಟು ಗಾತ್ರದಿಂದ ಭಾಗಿಸುವುದು. ಪೂರ್ತಿ ಹೊಂದಿದರೆ 1, ಏನೂ ಹೊಂದದಿದ್ದರೆ 0. ಹಿನ್ನೆಲೆಯ ಕೋಟಿ ವಾಕ್ಸೆಲ್‌ಗಳಿಗೆ ಇದರಲ್ಲಿ ಪಾಲಿಲ್ಲ. ಡೈಸ್ ಜತೆಗೆ, ವಾಕ್ಸೆಲ್ ವಾಕ್ಸೆಲಿಗೂ ತಪ್ಪನ್ನು ಅಳೆಯುವ ಕ್ರಾಸ್ ಎಂಟ್ರಪಿಯನ್ನೂ ಕೂಡಿಸಿ ಬಳಸುವುದು ಈಗಿನ ರೂಢಿ.

ಆದರೆ ಫಲಿತಾಂಶ ಅಳೆಯುವಾಗ ಡೈಸ್ ಒಂದನ್ನೇ ನೆಚ್ಚಿಕೊಂಡರೆ ಮೋಸಹೋಗುತ್ತೇವೆ. ನಮ್ಮ ಸಿಲಿಂಡರಿಗೆ ಮರಳಿದರೆ, ಸುತ್ತಲೂ ಅರ್ಧ ಮಿ.ಮೀ. ಒಳಗೆ ಸರಿದ ಗಡಿಯ ಡೈಸ್ 0.89. ವರದಿಯಲ್ಲಿ ಇದು ಒಳ್ಳೆಯ ಅಂಕವೇ. ಇಬ್ಬರು ತಜ್ಞರು ಕೈಯಿಂದ ಎಳೆದ ಗೆರೆಗಳ ನಡುವಿನ ಡೈಸ್ ಕೂಡ ಇದೇ ಆಸುಪಾಸಿನಲ್ಲಿರುತ್ತದೆ. ಆದರೂ ಗಾತ್ರ 20% ಕಡಿಮೆ, ಅಂದರೆ ಆಲ್‌ಝೈಮರ್‌ನ ನಾಲ್ಕು ವರ್ಷದ ನಷ್ಟಕ್ಕೂ ಮಿಗಿಲು. ಅದೇ 0.89 ಅಂಕದ ಇನ್ನೊಂದು ಗಡಿ ಅಲ್ಲಲ್ಲಿ ಒಳಹೊರಗೆ ತೂಗಿ, ಗಾತ್ರ ಸರಿಯಾಗಿಯೇ ಇರಬಹುದು. ಆದ್ದರಿಂದ ಡೈಸ್ ಜತೆಗೆ ಗಾತ್ರದ ವ್ಯತ್ಯಾಸವನ್ನು ಕೂಡು-ಕಳೆ ಚಿಹ್ನೆ ಸಮೇತ ಕೊಡಬೇಕು. ಗಡಿಗಳ ನಡುವಿನ ದೂರವನ್ನೂ, ಒಬ್ಬರನ್ನೇ ಒಂದೇ ದಿನ ಎರಡು ಸಲ ಸ್ಕ್ಯಾನ್ ಮಾಡಿದಾಗ ಎರಡೂ ಗಾತ್ರ ಎಷ್ಟು ಹೊಂದಿದವು ಎಂಬುದನ್ನೂ ಕೊಡಬೇಕು. ಇವು ಮೂರೂ ಇಲ್ಲದ ಡೈಸ್ ಪಟ್ಟಿಯನ್ನು ನಂಬಬಾರದು.

ಪರೀಕ್ಷೆಗೆಂದು ಎತ್ತಿಡುವ ಸ್ಕ್ಯಾನ್‌ಗಳನ್ನು ವ್ಯಕ್ತಿವಾರು ಬೇರ್ಪಡಿಸಬೇಕು. ಆಲ್‌ಝೈಮರ್ ಅಧ್ಯಯನಗಳಲ್ಲಿ ಒಬ್ಬರೇ ಹಲವು ವರ್ಷ ಬಂದು ಹೋಗಿರುತ್ತಾರೆ. ಅವರ 2ನೇ ವರ್ಷದ ಸ್ಕ್ಯಾನ್ ತರಬೇತಿಯಲ್ಲೂ 3ನೆಯದು ಪರೀಕ್ಷೆಯಲ್ಲೂ ಇದ್ದರೆ ನೆಟ್‌ವರ್ಕ್ ಮೊದಲೇ ನೋಡಿದ ಮಿದುಳಿಗೇ ಅಂಕ ಗಿಟ್ಟಿಸುತ್ತದೆ.

ಎಲ್ಲಿ ಎಡವುತ್ತದೆ

ತರಬೇತಿಯ ಲೇಬಲ್‌ಗಳು ಹಲವು ಬಾರಿ ಮನುಷ್ಯರ ಕೈಯವಲ್ಲ, ಫ್ರೀಸರ್ಫರ್ ಹಾಕಿಕೊಟ್ಟವು. ಕೈಯಿಂದ ಇಡೀ ಮಿದುಳಿಗೆ ಗುರುತು ಹಾಕಲು ದಿನಗಟ್ಟಲೆ ಬೇಕಾಗುವುದರಿಂದ ಇದು ಅನಿವಾರ್ಯ. ಫ್ರೀಸರ್ಫರ್ ಅಲ್ಲೊಮ್ಮೆ ಇಲ್ಲೊಮ್ಮೆ ಮಾಡುವ ತಪ್ಪು ಸಾವಿರ ಉದಾಹರಣೆಗಳಲ್ಲಿ ತೊಳೆದುಹೋಗುತ್ತದೆ. ಪ್ರತಿಸಲವೂ ಮಾಡುವ ತಪ್ಪನ್ನು ಮಾತ್ರ ನೆಟ್‌ವರ್ಕ್ ನಿಷ್ಠೆಯಿಂದ ಕಲಿಯುತ್ತದೆ. ವೆಂಟ್ರಿಕಲ್ ಒಳಗಿನ ಕೋರಾಯ್ಡ್ ಪ್ಲೆಕ್ಸಸ್ ಎಂಬ ರಕ್ತನಾಳಗಳ ಗೊಂಚಲು ಹಿಪೊಕ್ಯಾಂಪಸ್‌ಗೆ ತಾಗಿಯೇ ಇರುತ್ತದೆ, ಬಣ್ಣವೂ ಹತ್ತಿರ. ಅದನ್ನು ಹಿಪೊಕ್ಯಾಂಪಸ್ಸಿಗೆ ಸೇರಿಸಿಕೊಳ್ಳುವುದು ಅತಿ ಸಾಮಾನ್ಯ ಒತ್ತುವರಿ, ಯಾವಾಗಲೂ ಹೊರದಿಕ್ಕಿಗೇ. ಕ್ಷಯಿಸಿದ ಮಿದುಳಿನಲ್ಲಿ ಸುತ್ತ ದ್ರವ ಹೆಚ್ಚಿ ಇದು ಇನ್ನೂ ಎದ್ದುಕಾಣುತ್ತದೆ. ಹಾಗಾಗಿ ಕಾಯಿಲೆ ಇರುವವರಲ್ಲೇ ಕುಗ್ಗುವಿಕೆ ಮುಚ್ಚಿಹೋಗುತ್ತದೆ.

ತಲೆ ಅಲುಗಾಡಿದಾಗ ಆಗುವುದು ಇದರ ವಿರುದ್ಧ. ಚಿತ್ರ ಮಸುಕಾಗಿ ಬೂದು ಭಾಗದ ಅಳತೆ ಇದ್ದದ್ದಕ್ಕಿಂತ ಕಡಿಮೆ ಬರುತ್ತದೆ. ಮರೆವಿನ ಕಾಯಿಲೆಯವರು ಐದು ನಿಮಿಷ ಅಲ್ಲಾಡದೆ ಮಲಗುವುದು ಆರೋಗ್ಯವಂತರಿಗಿಂತ ಕಷ್ಟ. ಆದ್ದರಿಂದ ಅಲುಗಾಟವೇ ಕಾಯಿಲೆಯಂತೆ ಅಂಕಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅಲುಗಿದ ಸ್ಕ್ಯಾನನ್ನು ಎಷ್ಟೇ ಒಳ್ಳೆಯ ನೆಟ್‌ವರ್ಕ್‌ಗೆ ಕೊಟ್ಟರೂ ಇದು ಸರಿಹೋಗದು. ಮತ್ತೊಮ್ಮೆ ತೆಗೆಸಬೇಕು, ಇಲ್ಲವೇ ಬಿಡಬೇಕು.

ಯುವಜನರ ಮಿದುಳುಗಳಿಂದ ಕಲಿತದ್ದು ಹಿಗ್ಗಿದ ವೆಂಟ್ರಿಕಲ್ ಕಂಡರೆ ಎಡವುತ್ತದೆ. ಗಡ್ಡೆ, ಹಳೆಯ ಪಾರ್ಶ್ವವಾಯುವಿನ ಕಲೆ ಇದ್ದರೂ ಅಷ್ಟೇ. ನಮ್ಮ ಆಸ್ಪತ್ರೆಗಳ ದಿನನಿತ್ಯದ ಸ್ಕ್ಯಾನ್‌ಗಳ ತೊಂದರೆ ಬೇರೆಯದು. ಅವುಗಳಲ್ಲಿ ಹೆಚ್ಚಿನವು 5 ಮಿ.ಮೀ. ದಪ್ಪದ ಸ್ಲೈಸ್‌ಗಳು. ಮುಂದಿನಿಂದ ಹಿಂದಕ್ಕೆ ಹೋಗುವ ಸ್ಲೈಸ್‌ಗಳಾದರೆ ಇಡೀ ಹಿಪೊಕ್ಯಾಂಪಸ್ ಏಳೆಂಟರಲ್ಲಿ ಮುಗಿಯುತ್ತದೆ, ಮೇಲಿನಿಂದ ಕೆಳಕ್ಕಾದರೆ ಎರಡು ಮೂರರಲ್ಲಿ. ಇಂಥವಕ್ಕೆ ಸಿಂತ್‌ಸೆಗ್ ಎಂಬ ನೆಟ್‌ವರ್ಕ್ ನೆರವಾಗುತ್ತದೆ. ಅದರ ಯೋಚನೆ ನಿಜಕ್ಕೂ ಚಂದ: ತರಬೇತಿಗೆ ನಿಜವಾದ ಸ್ಕ್ಯಾನ್‌ಗಳೇ ಬೇಡ. ಲೇಬಲ್ ನಕ್ಷೆ ತೆಗೆದುಕೊಂಡು, ಪ್ರತಿ ಭಾಗಕ್ಕೂ ಮನಸ್ಸಿಗೆ ಬಂದ ಬಣ್ಣ ತುಂಬಿ, ಮಸುಕು ಮಾಡಿ, ಬಗ್ಗಿಸಿ, ಸ್ಲೈಸ್ ದಪ್ಪ ಬದಲಿಸಿ ಕೃತಕ ಚಿತ್ರಗಳನ್ನು ಮಾಡುತ್ತಾರೆ. ಬಣ್ಣವನ್ನು ನಂಬುವಂತಿಲ್ಲ ಎಂದಾದಾಗ ನೆಟ್‌ವರ್ಕ್ ಆಕಾರ ಮತ್ತು ನೆರೆಹೊರೆಯನ್ನು ನೆಚ್ಚಲು ಕಲಿಯುತ್ತದೆ. ಟಿ1, ಟಿ2, ಫ್ಲೇರ್ ಎಂಬ ಎಂಆರ್‌ಐ ಬಗೆಗಳಲ್ಲಿ ಯಾವುದನ್ನು ಕೊಟ್ಟರೂ 1 ಮಿ.ಮೀ. ಸೆಗ್ಮೆಂಟೇಶನ್ ಕೊಡುತ್ತದೆ. ದಪ್ಪ ಸ್ಲೈಸ್‌ನಲ್ಲಿ ಇಲ್ಲದ ವಿವರವನ್ನು ಅದು ಕಲಿತ ಆಕಾರದಿಂದ ತುಂಬುತ್ತದೆ ಎಂಬುದು ಮಾತ್ರ ನೆನಪಿರಬೇಕು. ಗುಂಪುಗಳ ಸರಾಸರಿ ಹೋಲಿಸಲು ಇದು ಸಾಕು. ಒಬ್ಬ ರೋಗಿಯಲ್ಲಿ ವರ್ಷದ 0.1 ಮಿ.ಮೀ. ಬದಲಾವಣೆ ಹುಡುಕಲು ಸಾಲದು.

ಮಿದುಳಿನ ಸರಾಸರಿ ಆಕಾರವೂ ಎಲ್ಲ ಜನರಲ್ಲಿ ಒಂದೇ ಅಲ್ಲ. ಜಗತ್ತೆಲ್ಲ ಬಳಸುವ ಮಾಂಟ್ರಿಯಲ್‌ನ ಮಾದರಿ ಮಿದುಳು 152 ಜನರ ಸರಾಸರಿ. ಬೆಂಗಳೂರಿನ ನಿಮ್ಹಾನ್ಸ್‌ನ ವಿಜ್ಞಾನಿಗಳು ಭಾರತೀಯರ ಸ್ಕ್ಯಾನ್‌ಗಳಿಂದ 6ರಿಂದ 60 ವರ್ಷದವರೆಗಿನ ಐದು ವಯೋಗುಂಪುಗಳಿಗೆ ಬೇರೆ ಬೇರೆ ಮಾದರಿ ರೂಪಿಸಿದ್ದಾರೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳ ಹಿರಿಯರನ್ನು ವರ್ಷಗಟ್ಟಲೆ ಹಿಂಬಾಲಿಸುವ ಸಂಸ್ಕಾಗ್ ಅಧ್ಯಯನದಲ್ಲೂ ಮಿದುಳಿನ ಎಂಆರ್‌ಐ ಇದೆ. ಹೊರಗಿನ ಮಿದುಳುಗಳಿಂದ ಕಲಿತ ನೆಟ್‌ವರ್ಕನ್ನು ಇಲ್ಲಿ ಬಳಸುವ ಮೊದಲು, ಇಲ್ಲಿನದೇ ಒಂದಿಪ್ಪತ್ತು ಮೂವತ್ತು ಸ್ಕ್ಯಾನ್‌ಗಳಿಗೆ ಹಾರ್ಪ್ ನಿಯಮದಂತೆ ಕೈಯಿಂದ ಗಡಿ ಹಾಕಿಸಿ, ವ್ಯತ್ಯಾಸ ಯಾವ ದಿಕ್ಕಿಗಿದೆ ನೋಡಲೇಬೇಕು.

ಕಣ್ಣಿನಿಂದ ನೋಡುವುದು

ಎಲ್ಲ ಸ್ಕ್ಯಾನ್‌ಗಳನ್ನೂ ಪೂರ್ತಿ ನೋಡಲಾಗದು, ಆದರೆ ಪ್ರತಿಯೊಬ್ಬರದೂ ಆರೇಳು ಸ್ಲೈಸ್ ನೋಡಬಹುದು. ಬಣ್ಣ ತುಂಬಿದ ಲೇಬಲ್ ಮೇಲಿಟ್ಟು ನೋಡಿದರೆ ಕೆಳಗಿನ ಅಂಚು ಮುಚ್ಚಿಹೋಗುತ್ತದೆ. ಗೆರೆ ಮಾತ್ರ ಹಾಕಿ ನೋಡಬೇಕು. ಮುಂದಿನಿಂದ ಕಾಣುವ ಸ್ಲೈಸ್‌ಗಳಲ್ಲಿ ಹಿಪೊಕ್ಯಾಂಪಸ್‌ನ ಅಡ್ಡಕೊಯ್ತ ಚೆನ್ನಾಗಿ ಕಾಣುತ್ತದೆ, ಅಮಿಗ್ಡಲಾದ ಗಡಿ ಮಾತ್ರ ಪಕ್ಕದ ನೋಟದಲ್ಲೇ ಸ್ಪಷ್ಟ. ಬಲದ್ದು ಎಡದ್ದಕ್ಕಿಂತ ತುಸು ದೊಡ್ಡದಿರುವುದು ಸಹಜ. ಗುಂಪಿನಲ್ಲಿ ಎಲ್ಲರದೂ ತಿರುವುಮುರುವಾಗಿ ಬಂದರೆ ಅಕ್ಷ ತಿರುಗಿದೆಯೇ ಎಂದು ಮೊದಲು ಶಂಕಿಸಿ. ದೊಡ್ಡ ತಲೆಗೆ ದೊಡ್ಡ ಹಿಪೊಕ್ಯಾಂಪಸ್ ಇರುವುದರಿಂದ ತಲೆಬುರುಡೆಯೊಳಗಿನ ಒಟ್ಟು ಗಾತ್ರಕ್ಕೆ ಹೋಲಿಸದೆ ಇಬ್ಬರ ಅಂಕಿಗಳನ್ನು ಪಕ್ಕಪಕ್ಕ ಇಡಬಾರದು.

ಒಬ್ಬರದೇ ಎರಡು ವರ್ಷದ ಸ್ಕ್ಯಾನ್ ಹೋಲಿಸುವಾಗ ಯಂತ್ರ, ಸ್ಕ್ಯಾನಿನ ಸೆಟ್ಟಿಂಗ್, ತಂತ್ರಾಂಶದ ಆವೃತ್ತಿ ಮೂರೂ ಒಂದೇ ಇರಬೇಕು. ಮೊದಲ ಎರಡು ಒಮ್ಮೊಮ್ಮೆ ಕೈಮೀರಿದವು. ಆಸ್ಪತ್ರೆ 1.5 ಟೆಸ್ಲಾ (ಕಾಂತಬಲದ ಅಳತೆ) ಯಂತ್ರ ತೆಗೆದು 3 ಟೆಸ್ಲಾ ತಂದರೆ, ಗಡಿ ಸರಿದದ್ದು ಮಿದುಳಿನಲ್ಲೋ ಯಂತ್ರದಲ್ಲೋ ಹೇಳಲಾಗುವುದಿಲ್ಲ. ಅದನ್ನು ವರದಿಯಲ್ಲಿ ಬರೆದಿಡಬೇಕು. ಮೂರನೆಯದು ನಮ್ಮ ಕೈಯಲ್ಲೇ ಇದೆ: ತಂತ್ರಾಂಶ ಹೊಸದಾದಾಗ ಹಳೆಯ ಪಟ್ಟಿಯಲ್ಲಿರುವ ಗಾತ್ರವನ್ನು ಎತ್ತಿಕೊಳ್ಳದೆ, ಮೊದಲ ವರ್ಷದ ಸ್ಕ್ಯಾನನ್ನೂ ಹೊಸ ಆವೃತ್ತಿಯಲ್ಲೇ ಮತ್ತೊಮ್ಮೆ ಓಡಿಸಿ.